ಹ್ಯಾಡನ್ ಷೇರು, ಪಕ್ಕದ ಮನೆ

ಕಾರ್ಲಿ ಗ್ರೀನ್, ಕೊವೆಂಟ್ರಿ ಹತ್ತಿರ
10 ಜನವರಿ 1974

ಲೆಟ್ಟಿ,

ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಕರೆಂಟಿಲ್ಲ. ಮೇಣದಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಸರ್ಕಾರವನ್ನು ಬೈದುಕೋ, ನನ್ನನ್ನಲ್ಲ. ವಾರಕ್ಕೆ ಮೂರೇ ದಿನ ಕೆಲಸ ಎಂದು ಆಜ್ಞೆಯಾದ ಮೇಲೆ ರಾಲ್ಫ್ ಮನೆಯಲ್ಲೇ ಬಿದ್ದಿರುತ್ತಾನೆ. ಹ್ಯಾಡನ್ ಕಾರ್ಖಾನೆಯಲ್ಲಿ ಹದಿನಾರು ವರ್ಷ ಕಾರಿಗೆ ಬಣ್ಣ ಹೊಡೆದ ಮಗ ಈಗ ನನ್ನ ಹಿತ್ತಲ ಬಾಗಿಲಿಗೆ ಮೂರನೇ ಸಲ ಬಣ್ಣ ಹೊಡೆಯುತ್ತಿದ್ದಾನೆ. ಬಾಗಿಲು ಎಷ್ಟು ದಪ್ಪವಾಗಿದೆಯೆಂದರೆ ಮುಚ್ಚುವುದೇ ಇಲ್ಲ.

ನಿನ್ನೆ ಬುಧವಾರ ನಮ್ಮ ಷೇರು ಸಂಘ ಸೇರಿತ್ತು, ಎಲ್ಲರ ಹಣ ಕೂಡಿಸಿ ಕೊಂಡ ಷೇರುಗಳ ಗತಿ ನೋಡಲು. ಚರ್ಚಿನ ಹಿಂದಿನ ಕೋಣೆಯಲ್ಲಿ ಎಂಟು ಹೆಂಗಸರು, ಎಂಟು ಕೋಟು, ಮಧ್ಯೆ ಒಂದು ಲಾಟೀನು. ಯಾರೋ ಸತ್ತ ಮನೆಯ ಹಾಗಿತ್ತು. ಡ್ರೇಕಾಟ್ ಅಂಗಡಿಯ ಷೇರೂ ಇಳಿದಿದೆ, ಹ್ಯಾಡನ್ ಕಾರಿನದೂ ಇಳಿದಿದೆ. ಹೆಟ್ಟಿ ಬೋನ್‌ಹಿಲ್ ಎರಡನ್ನೂ ಈಗಲೇ ಮಾರಬೇಕೆಂದು ಹಟ ಹಿಡಿದಳು. "ಡ್ರೇಕಾಟ್‌ನಲ್ಲಿ ಹ್ಯಾಮ್ ಕೊಯ್ಯೋ ಹುಡುಗಿ ಕೈಗವಸು ಹಾಕ್ಕೊಂಡು ನಿಂತಿದ್ಲು ಕಣ್ರೀ, ಅಷ್ಟು ಚಳಿ ಅಂಗಡಿ ಒಳಗೆ. ಅಂಥ ಅಂಗಡಿ ಉಳಿಯುತ್ತಾ?" ಅಂದಳು. "ನೀನು ಹ್ಯಾಮ್ ಕೊಂಡ್ಯಾ?" ಅಂದೆ. "ಇಲ್ಲ, ನೋಡೋಕೆ ಹೋಗಿದ್ದೆ" ಅಂದಳು. "ನಿನ್ನಂಥ ಗಿರಾಕಿ ಇನ್ನು ನಾಲ್ಕು ಜನ ಇದ್ರೆ ಸಾಕು, ಖಂಡಿತ ಮುಚ್ಚುತ್ತೆ" ಅಂದೆ. ಸೆಕ್ರೆಟರಿ ಮಿಸೆಸ್ ಗ್ವಿಲಿಯಂ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ನಕ್ಕಳು. ಕೊನೆಗೆ ಏನೂ ತೀರ್ಮಾನವಾಗದೆ ಚಹಾ ಕುಡಿದು ಎದ್ದೆವು.

ಮುಖ್ಯ ವಿಷಯ ಕೇಳು. ಪಕ್ಕದ ಮನೆಯ ಮಿಸ್ ಪಾಸ್ಕ್ ಟಾರ್ಕೀಗೆ ಸೋದರ ಸೊಸೆಯ ಹತ್ತಿರ ಹೊರಟಿದ್ದಾಳೆ. ಮನೆ ಮಾರುತ್ತಾಳಂತೆ. ನಿನಗಾದರೆ ಅಕ್ಟೋಬರ್‌ವರೆಗೆ ಕಾಯುತ್ತೇನೆ ಎಂದಿದ್ದಾಳೆ. ನಿನ್ನ ಗಂಡ ಅಲೆಕ್ ತೀರಿಕೊಂಡ ವರ್ಷ ನೀನು ಕಳಿಸಿದ ವಿಮೆಯ ಹಣ ಸಂಘದಲ್ಲಿ ನಿನ್ನ ಹೆಸರಿನಲ್ಲಿದೆಯಲ್ಲ, ಷೇರು ಮತ್ತೆ ಮೊದಲಿನ ಮಟ್ಟಕ್ಕೆ ಬಂದರೆ ಆ ಮನೆಗೆ ಸಾಕಾಗುತ್ತದೆ. ನಡುವೆ ಒಂದು ಬೇಲಿ. ನೀನು ಆ ಕಡೆಯಿಂದ ಬೈಯಬಹುದು, ನಾನು ಈ ಕಡೆಯಿಂದ.

ಎನಿಡ್


ಫ್ರೇಜರ್‌ಬರ್ಗ್
2 ಫೆಬ್ರವರಿ 1974

ಅಕ್ಕ,

ನಿನ್ನ ಕಾಗದ ಓದಿ ನಕ್ಕೆ. ಇಲ್ಲಿ ನಗುವುದಕ್ಕೆ ಬೇರೆ ಏನೂ ಇಲ್ಲ. ಮೂರು ದಿನದಿಂದ ಬಿರುಗಾಳಿ, ದೋಣಿಗಳು ಬಂದರಿನಲ್ಲೇ ಕಟ್ಟಿವೆ. ಮೀನಿಲ್ಲದ ಊರಿನಲ್ಲಿ ಗಂಡಸರೆಲ್ಲ ನಿನ್ನ ರಾಲ್ಫ್‌ನ ಹಾಗೆಯೇ, ಎಲ್ಲಿ ನಿಂತರೂ ಅಡ್ಡ.

ಮಿಸ್ ಪಾಸ್ಕ್ ಮನೆಯ ವಿಷಯ ಓದಿದೆ. ಅಲ್ಲಿ ಒಳಗೆ ಎರಡು ಕೋಣೆ ತಾನೇ? ನನಗೆ ಅಷ್ಟು ಯಾಕೆ ಅನ್ನಿಸಿತು. ಇರಲಿ. ಈಗ ಮಾರಿದರೆ ನನ್ನ ಪಾಲಿಗೆ ಎಷ್ಟು ಬರಬಹುದು, ಮಿಸೆಸ್ ಗ್ವಿಲಿಯಂ ಅವರನ್ನು ಕೇಳಿ ಬರೆ. ಅವಸರವೇನಿಲ್ಲ. ಇಲ್ಲಿ ಮನೆ ಸ್ವಲ್ಪ ಸೋರುತ್ತದೆ, ಮನೆಯ ಮಾಲೀಕರು ಬಂದು ನೋಡಿಕೊಂಡು ಹೋದರು.

ನ್ಯೂಜಿಲೆಂಡಿನಿಂದ ಮರ್ಡೋ ಬರೆದಿದ್ದ. ಅಲೆಕ್‌ನ ಮೊದಲ ಹೆಂಡತಿಯ ಮಗ ಅಂದರೂ ನನ್ನನ್ನು ಅಮ್ಮ ಎಂದೇ ಬರೆಯುತ್ತಾನೆ. ಅವನಿಗೆ ಮೂರನೇ ಮಗು.

ಲೆಟ್ಟಿ


ಕಾರ್ಲಿ ಗ್ರೀನ್
14 ಮಾರ್ಚ್ 1974

ಲೆಟ್ಟಿ,

ಸರ್ಕಾರ ಬದಲಾಯಿತು, ದೀಪ ಬಂತು. ರಾಲ್ಫ್ ವಾರಪೂರ್ತಿ ಕೆಲಸಕ್ಕೆ ಹೋಗುತ್ತಿದ್ದಾನೆ. ಬಾಗಿಲು ಮಾತ್ರ ಇನ್ನೂ ಮುಚ್ಚುತ್ತಿಲ್ಲ.

ನಿನ್ನ ಪಾಲೆಷ್ಟು ಎಂದು ಕೇಳಿದೆ. ಹೇಳಿದರೆ ನಿನಗೆ ಬೇಜಾರಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಹಾಕಿದ್ದರ ಅರ್ಧವೂ ಇಲ್ಲ ಎಂದರೆ ಸಾಕು. ಈಗ ಮಾರುವುದೆಂದರೆ ಮೊಟ್ಟೆಗೆ ಕೂತ ಕೋಳಿಯನ್ನು ಎಬ್ಬಿಸಿದ ಹಾಗೆ. ಅವಸರವಿಲ್ಲ ಎಂದು ನೀನೇ ಬರೆದಿದ್ದೀಯ. ಇನ್ನೊಂದು ಆರು ತಿಂಗಳು ಹಲ್ಲು ಕಚ್ಚಿಕೊಂಡು ಇರು. ಎರಡು ಕೋಣೆ ಯಾಕೆ ಅಂದೆಯಲ್ಲ, ಇನ್ನೊಂದರಲ್ಲಿ ನಿನ್ನ ಕೊಬ್ಬನ್ನು ಇಟ್ಟುಕೋ. ಅಲೆಕ್ ಹೋದಾಗ ನಮ್ಮ ಮನೆಗೇ ಬಾ ಎಂದರೆ "ಇನ್ನೊಬ್ಬರ ಒಲೆ ಮುಂದೆ ಕೂತು ಕೈ ಕಾಯಿಸೋಳಲ್ಲ ನಾನು" ಅಂದವಳು ನೀನು. ಅದಕ್ಕೇ ನಿನಗೆ ನಿನ್ನದೇ ಒಲೆ ಬೇಕೆಂದು ಇಷ್ಟೆಲ್ಲ ಒದ್ದಾಟ.

ಡ್ರೇಕಾಟ್‌ಗೆ ಹೋಗಿದ್ದೆ. ಷೇರುದಾರರಿಗೆ ಕೊಡುತ್ತಿದ್ದ ರಿಯಾಯಿತಿ ನಿಲ್ಲಿಸಿದ್ದಾರೆ. ಆ ಹ್ಯಾಮ್ ಹುಡುಗಿಗೆ, "ಈ ಅಂಗಡಿಯ ಒಂದು ಇಟ್ಟಿಗೆ ನನ್ನದು, ಗೊತ್ತಾ?" ಅಂದೆ. "ಹಂಗಾದ್ರೆ ಎತ್ಕೊಂಡು ಹೋಗಿ ಅಜ್ಜಿ, ಇಲ್ಲಿ ಜಾಗ ಆಗುತ್ತೆ" ಅಂದಳು. ಮಾತುಗಾರ್ತಿ. ಅವಳಿಗಾಗಿಯಾದರೂ ಅಂಗಡಿ ಉಳಿಯಲಿ ಅನ್ನಿಸಿತು.

ಎನಿಡ್


ಫ್ರೇಜರ್‌ಬರ್ಗ್
20 ಮೇ 1974

ಅಕ್ಕ,

ಯೋಚಿಸಿ ನೋಡಿದೆ. ಎಷ್ಟು ಬಂದರೂ ಸರಿ, ಎರಡೂ ಷೇರು ಮಾರುವುದು ಒಳ್ಳೆಯದು. ಒಬ್ಬರ ಪಾಲನ್ನು ಬಿಡಿಸಿಕೊಡುವ ಪದ್ಧತಿ ಸಂಘದಲ್ಲಿಲ್ಲ, ಎಲ್ಲರೂ ಸೇರಿ ಒಪ್ಪಬೇಕು ಎಂದು ಬಲ್ಲೆ. ದೂರದಲ್ಲಿರುವವರ ಕೈಯನ್ನು ಅವರ ಮನೆಯವರು ಎತ್ತುವುದು ವಾಡಿಕೆಯಲ್ಲವೇ? ಮುಂದಿನ ಸಭೆಯಲ್ಲಿ ಬಲಗೈ ನಿನಗೆ ಬೇಕಾದ ಹಾಗೆ ಎತ್ತು. ಎಡಗೈ ನನ್ನದು. ಅದನ್ನು ಮಾರಾಟಕ್ಕೆ ಎತ್ತು.

ನಾನು ಚೆನ್ನಾಗಿದ್ದೇನೆ. ಸಾಮಾನು ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಿದ್ದೇನೆ, ಇಷ್ಟೆಲ್ಲ ಯಾಕೆ ಇಟ್ಟುಕೊಂಡಿದ್ದೆನೋ.

ಲೆಟ್ಟಿ


ಕಾರ್ಲಿ ಗ್ರೀನ್
13 ಜೂನ್ 1974

ಲೆಟ್ಟಿ,

ಸಭೆ ಆಯಿತು. ಹ್ಯಾಡನ್ ಮಾರುವುದಕ್ಕೆ ನಾಲ್ಕು ಕೈ, ಬೇಡ ಎನ್ನುವುದಕ್ಕೆ ಐದು. ಅದು ಬಿದ್ದುಹೋದ ಮೇಲೆ ಡ್ರೇಕಾಟ್ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಅಲ್ಲಿ ಕೂತಿದ್ದರೆ ನಿನಗೇ ಗೊತ್ತಾಗುತ್ತಿತ್ತು. ಇದು ಕಾರಿನ ಊರು. ನಮ್ಮ ಬೀದಿಯ ಪ್ರತಿ ಮನೆಯಿಂದಲೂ ಒಬ್ಬ ಬೆಳಿಗ್ಗೆ ಸೈಕಲ್ ಹತ್ತಿ ಹ್ಯಾಡನ್ ಗೇಟಿಗೆ ಹೋಗುತ್ತಾನೆ. ಹೆಟ್ಟಿ ಬೋನ್‌ಹಿಲ್‌ಗೇನು, ಗಂಡ ರೈಲ್ವೆಯಲ್ಲಿದ್ದ, ಮಕ್ಕಳಿಲ್ಲ, ಮಾರಿ ಅನ್ನುತ್ತಾಳೆ. ನನ್ನ ಸೊಸೆ ಮೊರೀನ್ ಚಹಾ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು. "ನಾಳೆ ಈ ಸುದ್ದಿ ಕಾರ್ಖಾನೆಗೆ ಹೋಗುತ್ತೆ. ಮನೆ ಹೆಂಗಸರೇ ಕೈಬಿಟ್ರು ಅಂತಾರೆ. ರಾಲ್ಫ್‌ಗೆ ನಾನು ಹೆಂಗೆ ಊಟ ಬಡಿಸ್ಲಿ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ನಿಮ್ಮ ಮಗ ಬಣ್ಣ ಹೊಡೆದ ಕಾರಿನ ಮೇಲೆ ನಿಮಗೇ ನಂಬಿಕೆ ಇಲ್ವಾ?" ಅಂದಳು. ಕೋಣೆಯೆಲ್ಲ ನನ್ನನ್ನೇ ನೋಡುತ್ತಿತ್ತು.

ಹೀಗೆ. ಇನ್ನು ಸ್ವಲ್ಪ ದಿನ ನೋಡೋಣ. ಕೆಟ್ಟದ್ದರಲ್ಲೂ ಒಳ್ಳೆಯದಿರುತ್ತದೆ. ಷೇರು ಏರಿದರೆ ಮಿಸ್ ಪಾಸ್ಕ್ ಮನೆಯನ್ನು ತಲೆ ಎತ್ತಿ ಕೊಳ್ಳಬಹುದು, ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಅಲ್ಲಿಯ ಗುಲಾಬಿ ಗಿಡಗಳಿಗೆ ನಾನೇ ನೀರು ಹಾಕುತ್ತಿದ್ದೇನೆ, ನಿನ್ನದೇ ಎಂದುಕೊಂಡು.

ಎನಿಡ್


ಕಾರ್ಲಿ ಗ್ರೀನ್
3 ನವೆಂಬರ್ 1974

ಲೆಟ್ಟಿ,

ಎರಡು ಕಾಗದ ಹಾಕಿದೆ, ಎರಡಕ್ಕೂ ಉತ್ತರವಿಲ್ಲ. ಕೈಗೆ ಏನಾಗಿದೆ? ಬಾಯಿ ಇಲ್ಲದವಳೆಂದು ಚಿಕ್ಕಂದಿನಲ್ಲೇ ಗೊತ್ತಿತ್ತು, ಈಗ ಬೆರಳೂ ಹೋಯಿತೇ?

ಇಲ್ಲಿ ಸಕ್ಕರೆ ಇಲ್ಲ. ಒಬ್ಬರಿಗೆ ಒಂದೇ ಪೊಟ್ಟಣ. ನಾನು, ಮೊರೀನ್, ಮೊಮ್ಮಗಳು ಜಾನಿಸ್ ಬೇರೆ ಬೇರೆ ನಿಂತು ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರ ಹಾಗೆ ನಟಿಸಿ ಮೂರು ಪೊಟ್ಟಣ ತಂದೆವು. ಅಂಗಡಿಯವನು ಜಾನಿಸ್‌ಗೆ, "ನಿಮ್ಮಜ್ಜಿ ಆಗಲೇ ತಗೊಂಡು ಹೋದ್ರು" ಅಂದನಂತೆ. "ಆಕೆ ಯಾರೋ ನನಗೆ ಗೊತ್ತಿಲ್ಲ" ಅಂದಳಂತೆ. ವಂಶ ಉದ್ಧಾರವಾಯಿತು.

ಮಿಸ್ ಪಾಸ್ಕ್ ಅಕ್ಟೋಬರ್ ಮುಗಿಯುವವರೆಗೆ ಕಾದಳು. ಹೋದ ಶುಕ್ರವಾರ ಮನೆಯನ್ನು ಹೊಸದಾಗಿ ಮದುವೆಯಾದ ಜೋಡಿಗೆ ಕೊಟ್ಟಳು. ಹೇಳುವುದಕ್ಕೆ ನನಗೇ ನಾಚಿಕೆ. ಹ್ಯಾಡನ್ ಕಾರುಗಳು ಮೈದಾನದಲ್ಲಿ ಸಾಲುಸಾಲಾಗಿ ನಿಂತು ಮಳೆಯಲ್ಲಿ ನೆನೆಯುತ್ತಿವೆ, ಕೊಳ್ಳುವವರಿಲ್ಲ. ರಾಲ್ಫ್ ಆ ದಾರಿಯನ್ನೇ ಬಿಟ್ಟು ಕಾಲುವೆಯ ಕಡೆಯಿಂದ ಬರುತ್ತಾನೆ.

ಬೇರೆ ಮನೆ ಸಿಕ್ಕೇ ಸಿಗುತ್ತದೆ. ಒಂದು ಸಾಲಾದರೂ ಬರೆ.

ಎನಿಡ್


ಫ್ರೇಜರ್‌ಬರ್ಗ್
28 ಡಿಸೆಂಬರ್ 1974

ಅಕ್ಕ,

ನಿನ್ನ ಕಾಗದಗಳೆಲ್ಲ ಬಂದವು. ಕ್ರಿಸ್‌ಮಸ್‌ಗೆ ಮೊರೀನ್ ಕಾರ್ಡು ಕಳಿಸಿದ್ದಳು. ಒಳ್ಳೆಯ ಹುಡುಗಿ, ಪ್ರತಿ ವರ್ಷ ತಪ್ಪದೆ ಕಳಿಸುತ್ತಾಳೆ. ಈ ಸಲ ಕೆಳಗೆ ಎರಡು ಸಾಲು ಸೇರಿಸಿದ್ದಳು. "ಚಿಕ್ಕತ್ತೆ, ಜೂನ್‌ನಲ್ಲಿ ನೀವೂ ನಮ್ಮ ಕಡೆಗೇ ಕೈ ಎತ್ತಿಸಿದ್ರಂತೆ. ಅಷ್ಟು ದೂರ ಇದ್ದೂ ರಾಲ್ಫ್‌ನ ನೆನೆದ್ರಲ್ಲ, ಆ ಉಪಕಾರ ಮರೆಯಲ್ಲ" ಎಂದು.

ಅವಳಿಗೆ ಸಂತೋಷವಾಯಿತೆಂದು ಬರೆದಿದ್ದೇನೆ. ಬೇರೇನೂ ಹೇಳಿಲ್ಲ. ನೀನೂ ಹೇಳಬೇಡ.

ಹೊಸ ವರ್ಷ ನಿಮಗೆಲ್ಲ ಒಳ್ಳೆಯದಾಗಲಿ.

ಲೆಟ್ಟಿ


ಕಾರ್ಲಿ ಗ್ರೀನ್
9 ಜನವರಿ 1975

ಲೆಟ್ಟಿ,

ಹೌದು. ನಿನ್ನ ಕೈಯನ್ನು ಬೇರೆ ಕಡೆಗೆ ಎತ್ತಿದೆ. ಎರಡು ಕೈಯಲ್ಲಿ ಒಂದು ಮೇಲೆ, ಒಂದು ಕೆಳಗೆ ಇಟ್ಟುಕೊಂಡು ಸೊಸೆಯ ಮುಂದೆ ಕೂರುವುದಕ್ಕೆ ನನ್ನಿಂದಾಗಲಿಲ್ಲ. ಹಾಗೆ ಮಾಡಿದ್ದರೆ ನನ್ನ ತಂಗಿ ಒಂದು ಹೇಳುತ್ತಾಳೆ, ನಾನೊಂದು ಎನ್ನುತ್ತೇನೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಸುಳ್ಳು ಬರೆಯಲಿಲ್ಲ ಎಂದು ಅಂದುಕೊಂಡಿದ್ದೆ, ನಾಲ್ಕು ಐದು ಎಂದಷ್ಟೇ ಬರೆದೆನಲ್ಲ. ನೀನು ನಿನ್ನನ್ನು ನಾಲ್ಕರಲ್ಲಿ ಎಣಿಸಿಕೊಳ್ಳುತ್ತೀಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬೈದು ಬರೆಯಬಾರದಿತ್ತೇ? ಒಳ್ಳೆಯದಾಗಲಿ ಎಂದು ಬರೆದಿದ್ದೀಯ. ಚಿಕ್ಕಂದಿನಿಂದಲೂ ನಿನ್ನ ಈ ಬುದ್ಧಿಯೇ ನನ್ನನ್ನು ಸುಡುವುದು.

ಮತ್ತೊಂದು ಪೆದ್ದತನವನ್ನೂ ಕೇಳು. ನಿನ್ನೆಯ ಸಭೆಗೆ ಬರುವಾಗಲೇ ಎಲ್ಲರ ಮುಖ ಬಿಳುಚಿತ್ತು. ಇಡೀ ಷೇರುಪೇಟೆಯೇ ಮುಳುಗಿತು ಎಂದು ರೇಡಿಯೋ ಹೇಳುತ್ತಿದೆ. ಹ್ಯಾಡನ್ ಷೇರಿನ ವಹಿವಾಟನ್ನೇ ನಿಲ್ಲಿಸಿದ್ದಾರೆ, ಮಾರಬೇಕೆಂದರೂ ಆಗದು. ಉಳಿದದ್ದು ಡ್ರೇಕಾಟ್. "ಇದನ್ನಾದ್ರೂ ಮಾರ್ಬಿಡೋಣ, ಬಂದಷ್ಟು ಬರ್ಲಿ" ಅಂದಳು ಹೆಟ್ಟಿ. ಎಲ್ಲರೂ ಕೈ ಎತ್ತಿದೆವು. ಈ ಸಲ ನಿನ್ನದನ್ನು ನೀನು ಹೇಳಿದ ಕಡೆಗೇ ಎತ್ತಿದೆ. ಇಂದು ಬೆಳಿಗ್ಗೆ ಮಿಸೆಸ್ ಗ್ವಿಲಿಯಂ ಅಂಚೆ ಕಚೇರಿಯ ಫೋನಿನಿಂದ ದಲ್ಲಾಳಿಗೆ ಹೇಳಿ ಮಾರಿಸಿದಳು. ನಿನ್ನ ಪಾಲಿಗೆ ಬಂದದ್ದನ್ನು ಕಳಿಸುತ್ತೇನೆ, ಅದರಲ್ಲಿ ಮನೆ ಬರುವುದಿಲ್ಲ, ಒಂದು ಬಾಗಿಲು ಬರಬಹುದು.

ರಾಲ್ಫ್‌ಗೆ ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಅವನಿಗಾಗಿ ನಿನ್ನನ್ನು ಬಿಟ್ಟುಕೊಟ್ಟೆ. ಅವನಿಗೂ ಅದರಿಂದ ಏನೂ ಆಗಲಿಲ್ಲ. ನಾವು ಎಂಟು ಹೆಂಗಸರು ಷೇರು ಇಟ್ಟುಕೊಂಡೆವೆಂದು ಒಂದು ಕಾರೂ ಹೆಚ್ಚು ಮಾರಾಟವಾಗಲಿಲ್ಲ.

ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ.

ಎನಿಡ್


ಡನೀಡನ್, ನ್ಯೂಜಿಲೆಂಡ್
14 ಏಪ್ರಿಲ್ 1975

ಅಕ್ಕ,

ವಿಳಾಸ ನೋಡಿ ಗಾಬರಿಯಾಗಬೇಡ. ಫೆಬ್ರವರಿಯಲ್ಲಿ ಹೊರಟೆ. ಮರ್ಡೋ ಟಿಕೆಟ್ ಕಳಿಸಿದ. ಹೇಳದೆ ಬಂದೆ. ಹೇಳಿದ್ದರೆ ನೀನು ರೈಲು ನಿಲ್ದಾಣಕ್ಕೆ ಬರುತ್ತಿದ್ದೆ, ಬಂದು ಬೈಯುತ್ತಿದ್ದೆ, ನಾನು ಹತ್ತುತ್ತಿರಲಿಲ್ಲ.

ಈಗ ಇಷ್ಟು ದೂರ ಬಂದ ಮೇಲೆ ಮುಚ್ಚಿಡುವುದೇನು. ಕಳೆದ ವರ್ಷ ಫೆಬ್ರವರಿಯಲ್ಲಿ ಮನೆಯ ಮಾಲೀಕರು ಸೋರುವುದನ್ನು ನೋಡಲು ಬಂದದ್ದಲ್ಲ. ಮನೆ ಮಾರಿದ್ದೇನೆ, ಮೇ ತಿಂಗಳಲ್ಲಿ ಬಿಡಬೇಕು ಎಂದು ಹೇಳಲು ಬಂದಿದ್ದರು. ಮೇ ಕೊನೆಗೆ ಬಲೆ ಹೆಣೆಯುವವರ ಮನೆಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದೆ. ನೀನು ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೆ, ಅಂಚೆಯವನು ಪರಿಚಯದವನು, ಅಲ್ಲಿಗೆ ತಂದುಕೊಡುತ್ತಿದ್ದ. ಅವಸರವಿಲ್ಲ ಎಂದು ಬರೆದೆ. ಅವಸರವಿದೆ ಎಂದರೆ ಭಿಕ್ಷೆ ಕೇಳಿದ ಹಾಗಾಗುತ್ತಿತ್ತು.

ನನಗೆ ಮಿಸ್ ಪಾಸ್ಕ್ ಮನೆ ಬೇಕಿರಲಿಲ್ಲ ಅಕ್ಕ. ನಿನ್ನ ಮನೆಯ ಹಿಂದಿನ ಕೋಣೆ, ಹೊಲಿಗೆ ಯಂತ್ರ ಇಟ್ಟಿದ್ದೀಯಲ್ಲ, ಅದು ಸಾಕಿತ್ತು. ಷೇರು ಮಾರಿದ್ದರೆ ಬರುತ್ತಿದ್ದ ಹಣದಿಂದ ತಿಂಗಳಿಗಿಷ್ಟು ಎಂದು ನಿನ್ನ ಕೈಗೆ ಕೊಡಬಹುದಿತ್ತು, ಬರಿಗೈಯಲ್ಲಿ ಬಂದವಳು ಅನ್ನಿಸಿಕೊಳ್ಳಬಾರದು ಎಂದಷ್ಟೇ ನನಗಿದ್ದದ್ದು. ಇನ್ನೊಬ್ಬರ ಒಲೆ ಎಂದು ನಾನು ಅಂದದ್ದು ಅಲೆಕ್‌ನ ಮಣ್ಣು ಮಾಡಿದ ಮಾರನೇ ದಿನ. ಆ ದಿನ ಯಾರಾದರೂ ರೊಟ್ಟಿ ಬೇಕೇ ಎಂದರೂ ಬೇಡ ಅನ್ನುತ್ತಿದ್ದೆ. ನಮ್ಮಮ್ಮನ ಮನೆಯಲ್ಲಿ ಮೊದಲ ಸಲ ಕೇಳಿದಾಗ ಯಾರು ಕೇಕು ತೆಗೆದುಕೊಳ್ಳುತ್ತಿದ್ದರು? ಎರಡನೇ ಸಲ ಕೇಳುತ್ತೀಯ ಎಂದು ಕಾದೆ. ನೀನು ಬರೆದದ್ದೆಲ್ಲ ಬೇಲಿ, ಪಕ್ಕದ ಮನೆ, ಷೇರು ಏರಲಿ. ಕೊನೆಗೆ ಮೊರೀನ್‌ಳ ಕಾರ್ಡು ಬಂದಾಗ, ಸರಿ, ನಾನು ಹತ್ತಿರ ಬರುವುದು ಅಕ್ಕನಿಗೆ ಇಷ್ಟವಿಲ್ಲ, ಅದನ್ನು ಬಾಯಿಬಿಟ್ಟು ಹೇಳಲಾರದೆ ಷೇರಿನ ನೆಪ ಹೇಳುತ್ತಿದ್ದಾಳೆ ಎಂದುಕೊಂಡೆ. ಮರ್ಡೋಗೆ ಅದೇ ದಿನ ಬರುತ್ತೇನೆಂದು ಬರೆದು ಹಾಕಿದೆ. ಆಮೇಲೆ ನಿನ್ನ ಜನವರಿಯ ಕಾಗದ ಬಂತು. ಅದನ್ನು ಓದಿ, ಅದು ನೆಪವಲ್ಲ, ರಾಲ್ಫ್ ಎಂದು ತಿಳಿಯಿತು. ಆದರೆ ಅದರಲ್ಲೂ ಬಾ ಎಂಬ ಮಾತಿರಲಿಲ್ಲ. ಟಿಕೆಟ್ ಬಂದಾಗಿತ್ತು.

ಇಲ್ಲಿ ಮಕ್ಕಳು ಗಲಾಟೆ ಮಾಡುತ್ತವೆ. ಚಿಕ್ಕದು ನನ್ನ ಮಾತು ಅರ್ಥವಾಗುವುದಿಲ್ಲ ಎಂದು ಅಣ್ಣನ ಕೈಲಿ ಮತ್ತೆ ಹೇಳಿಸಿಕೊಳ್ಳುತ್ತದೆ. ಮರ್ಡೋನ ಹೆಂಡತಿ ಒಳ್ಳೆಯವಳು. "ಕೂತ್ಕೊಳ್ಳಿ ಅಮ್ಮ, ನಾನು ಮಾಡ್ತೀನಿ" ಅನ್ನುತ್ತಾಳೆ ದಿನವಿಡೀ. ಕೂತು ಕೂತು ಸಾಕಾಗಿದೆ.

ಲೆಟ್ಟಿ


ಕಾರ್ಲಿ ಗ್ರೀನ್
6 ಮೇ 1975

ಲೆಟ್ಟಿ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ದಿನಾ ಬರೆಯಲು ಕೂರುತ್ತೇನೆ, ಮೊದಲ ಸಾಲಿನಲ್ಲೇ ನಿನ್ನನ್ನು ಬೈಯುತ್ತೇನೆ, ಹರಿದು ಹಾಕುತ್ತೇನೆ. ಬಾಯಿ ಇರುವುದು ಏತಕ್ಕೆ, ಮನೆ ಹೋಯಿತು ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಬರೆಯುವಷ್ಟರಲ್ಲಿ, ಊರಿನಲ್ಲೆಲ್ಲ ಬಾಯಿ ಮಾಡುವ ನಾನೇ ಬಾ ಎಂಬ ಒಂದಕ್ಷರದ ಮಾತನ್ನು ಹೇಳಲಿಲ್ಲವಲ್ಲ ಎಂದು ಪೆನ್ನು ನಿಲ್ಲುತ್ತದೆ. ನಿನಗೆ ನಿನ್ನ ಮರ್ಯಾದೆ ದೊಡ್ಡದು, ಅದನ್ನು ಕಾಪಾಡಿಕೊಡಬೇಕು ಎಂದು ನಾನು. ನನಗೆ ನಿನ್ನ ದುಡ್ಡು ದೊಡ್ಡದು, ಅದಿಲ್ಲದೆ ಬರಬಾರದು ಎಂದು ನೀನು. ಇಬ್ಬರೂ ಸೇರಿ ಆ ಹಾಳು ಷೇರನ್ನು ಏರಲಿ ಏರಲಿ ಎಂದು ಕಾದೆವು.

ಸಂಘದ ಸುದ್ದಿ ಬೇಡವಾದರೂ ಹೇಳುತ್ತೇನೆ. ನಾವು ಡ್ರೇಕಾಟ್ ಮಾರಿದ್ದು ಎಲ್ಲಕ್ಕಿಂತ ಕೆಳಗಿನ ಬೆಲೆಗೆ. ಆಮೇಲೆ ಪೇಟೆಯೆಲ್ಲ ಏರಿತು. ಮಾರ್ಚ್‌ನಲ್ಲಿ ಯಾರೋ ಲಂಡನ್ನಿನವನು ಅಂಗಡಿ ನಿಂತ ಜಾಗಕ್ಕಾಗಿಯೇ ಇಡೀ ಅಂಗಡಿಯನ್ನು ನಮಗೆ ಸಿಕ್ಕಿದ್ದರ ಮೂರರಷ್ಟು ಬೆಲೆ ಕೊಟ್ಟು ಕೊಂಡನಂತೆ. ಹ್ಯಾಡನ್ ಅನ್ನು ಸರ್ಕಾರ ತೆಗೆದುಕೊಂಡಿತು, ಷೇರಿಗೆ ಒಂದು ಚಹಾದಷ್ಟು ಬೆಲೆ ಕೊಟ್ಟಿತು. ಮಾರಬೇಕಾದದ್ದನ್ನು ಇಟ್ಟುಕೊಂಡೆವು, ಇಟ್ಟುಕೊಳ್ಳಬೇಕಾದದ್ದನ್ನು ಮಾರಿದೆವು. ಸಂಘ ಮುಚ್ಚಿದೆವು. ಹೆಟ್ಟಿ ಬೋನ್‌ಹಿಲ್ ಹೊರಗೆ ಬಂದು, "ಎನಿಡ್, ಬುಧವಾರ ಇನ್ಮೇಲೆ ಏನು ಮಾಡೋದು?" ಅಂದಳು. ಪಾಪ, ಅವಳಿಗೆ ಅದೊಂದೇ ಇದ್ದದ್ದು. "ಬಾ, ನಮ್ಮನೇಗೆ ಚಹಾಗೆ ಬಾ" ಅಂದೆ. ಹೆಟ್ಟಿಯನ್ನು ಕರೆಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮನೆಗೆ ಬಂದು ಅದೊಂದನ್ನೇ ಯೋಚಿಸುತ್ತಾ ಕೂತೆ.

ರಾಲ್ಫ್‌ಗೆ ಸದ್ಯಕ್ಕೆ ಕೆಲಸ ಉಳಿದಿದೆ. ನೀನು ಹೇಳಿದ ಹಾಗೆ ಮೊರೀನ್‌ಗೆ ಏನೂ ಹೇಳಿಲ್ಲ. ಅವಳು ಇಂದಿಗೂ ನಿನ್ನನ್ನು ಹೊಗಳುತ್ತಾಳೆ, ನಾನು ಎದುರು ಕೂತು ಕೇಳುತ್ತೇನೆ. ಅದು ನನಗೆ ಸಲ್ಲಬೇಕಾದದ್ದೇ.

ಈಗ ಬಾ ಎಂದು ಬರೆಯುವುದಿಲ್ಲ. ಬರೆದರೆ ಅದು ನನ್ನ ಎದೆ ಹಗುರ ಮಾಡಿಕೊಳ್ಳಲು. ಈ ವಯಸ್ಸಿನಲ್ಲಿ ನೀನು ಮತ್ತೆ ಭೂಮಿ ಸುತ್ತಿ ಬರಲಾರೆ ಎಂದು ನನಗೆ ಗೊತ್ತು. ಆ ಹುಡುಗಿ ಕೂತ್ಕೊಳ್ಳಿ ಎಂದರೆ ಕೇಳಬೇಡ, ಎದ್ದು ಆಲೂಗಡ್ಡೆ ಸುಲಿ. ಎರಡು ದಿನ ಮುನಿಸಿಕೊಳ್ಳುತ್ತಾಳೆ, ಮೂರನೇ ದಿನ ತಾನೇ ಚಾಕು ತಂದುಕೊಡುತ್ತಾಳೆ.

ನಿನ್ನ ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆ? ಬರೆ. ಮೂವತ್ತೈದು ವರ್ಷ ನೀನು ಫ್ರೇಜರ್‌ಬರ್ಗ್‌ನಲ್ಲಿದ್ದೆ, ಅಲ್ಲಿ ಏನು ಕಾಣುತ್ತಿತ್ತು ಎಂದು ನಾನು ಒಂದು ಸಲವೂ ಕೇಳಲಿಲ್ಲ.

ಎನಿಡ್